ಕಾನೂನು ಶಿಕ್ಷಣದಲ್ಲಿ ವೃತ್ತಿತರಬೇತಿ: ಒಂದು ಚಾರಿತ್ರಿಕ ಅವಲೋಕನ

ನೋಡಿ, ಕೇಳಿ, ಮಾಡಿ ಕಲಿಯುವುದು ವೃತ್ತಿಪರಂಪರೆಗಳ ಮೂಲಕ್ರಮ. ಕಮ್ಮಾರಸಾಲೆಗೆ ಸಲ್ಲುವ ಈ ಮಾತು ವಕೀಲಿ ವೃತ್ತಿಗೂ ಸಲ್ಲುತ್ತದೆ. 1961ರ ವಕೀಲರ ಅಧಿನಿಯಮವು ಸನದು ಪಡೆಯಲು ಪದವಿಯ ಜೊತೆಗೆ ತರಬೇತಿ ಹಾಗೂ ಪರೀಕ್ಷೆಯನ್ನು ವಿಧಿಸಿತ್ತು. 1973ರ ತಿದ್ದುಪಡಿಯು ಅದನ್ನು ಕೈಬಿಟ್ಟಿತು. ಭಾರತೀಯ ವಕೀಲರ ಪರಿಷತ್ತು 1995ರ ನಿಯಮಗಳ ಮೂಲಕ ಒಂದು ವರ್ಷದ ತರಬೇತಿಯನ್ನು ಮರಳಿ ತಂದಿತಾದರೂ, ಪರಿಷತ್ತಿಗೆ ಆ ಅಧಿಕಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ವಿ. ಸುದೀರ್ ಪ್ರಕರಣದಲ್ಲಿ (1999) ಅವುಗಳನ್ನು ರದ್ದುಪಡಿಸಿತು.

ಪದವಿಯ ನಂತರದ ಈ ದಾರಿ ಮುಚ್ಚಿದ ಮೇಲೆ ತರಬೇತಿಯ ಭಾರವೆಲ್ಲ ಪಠ್ಯಕ್ರಮದ ಮೇಲೆ ಬಿದ್ದಿತು. 2008ರ ಕಾನೂನು ಶಿಕ್ಷಣ ನಿಯಮಗಳು ಮೂರು ವರ್ಷದ ಪದವಿಗೆ ಕನಿಷ್ಠ 12 ವಾರ, ಐದು ವರ್ಷದ ಪದವಿಗೆ ಕನಿಷ್ಠ 20 ವಾರಗಳ ಇಂಟರ್ನ್‌ಶಿಪ್ಪನ್ನು ಕಡ್ಡಾಯಗೊಳಿಸಿದವು. ವಕೀಲರು, ನ್ಯಾಯಾಂಗ, ಶಾಸನಸಭೆ, ಸ್ಥಳೀಯ ಸ್ವಯಂಆಡಳಿತ, ಸ್ವಯಂಸೇವಾ ಸಂಸ್ಥೆಗಳು ಕಲಿಕೆಯ ತಾಣಗಳಾದವು. ವಿದ್ಯಾರ್ಥಿಯು ಬರೆಯುವ ದಿನಚರಿಯನ್ನು ಮಾರ್ಗದರ್ಶಕರೂ ಅಧ್ಯಾಪಕರೂ ಪರಿಶೀಲಿಸಬೇಕು. ಅಂಕಗಳು ಅಂತಿಮ ಸೆಮಿಸ್ಟರಿನ ಫಲಿತಾಂಶಕ್ಕೆ ಸೇರುತ್ತವೆ.

ಜಾನಪದ ಅಧ್ಯಯನದ ದೃಷ್ಟಿಯಿಂದ ಈ ದಿನಚರಿ ಗಮನಾರ್ಹವಾದುದು. ಹಳ್ಳಿಯ ಕಕ್ಷಿದಾರನು ಜಮೀನಿನ ತಂಟೆಯನ್ನು ಅಜ್ಜನ ಕಾಲದಿಂದ, ಬದುವಿನ ಮರದಿಂದ, ಮುರಿದ ಮಾತಿನಿಂದ ಆರಂಭಿಸುತ್ತಾನೆ. ವಾದಪತ್ರಕ್ಕೆ ಬೇಕಾದುದು ಸರ್ವೆ ನಂಬರು ಮತ್ತು ತಾರೀಖು. ಈ ಎರಡರ ನಡುವೆ ಏನು ಉಳಿಯಿತು, ಏನು ಅಳಿಯಿತು ಎಂಬುದನ್ನು ಗುರುತಿಸುವ ಕಲೆ ಪಾಠದ ಕೋಣೆಯಲ್ಲಿ ದಕ್ಕುವಂಥದಲ್ಲ. ದಿನಚರಿಯು ಕೇವಲ ಸಹಿ ಪಡೆಯುವ ಪುಸ್ತಕವಾದರೆ ಅಂಕ ದೊರೆಯಬಹುದು, ಆಲಿಸುವ ಸಂಸ್ಕಾರ ದೊರೆಯದು. ಅದರ ನಷ್ಟ ತಟ್ಟುವುದು ಕಕ್ಷಿದಾರನಿಗೆ.