ನಾಡು ಕಟ್ಟಿಕೊಟ್ಟ ಮನೆ: ಹೆಲ್ಸಿಂಕಿ ವಿದ್ಯಾರ್ಥಿ ಸಂಘದ ಕಥೆ

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ರೈಲು ನಿಲ್ದಾಣದಿಂದ ಹೊರಬಂದು ಸ್ವಲ್ಪ ದೂರ ನಡೆದರೆ ಹಳೆಯ ಕಟ್ಟಡವೊಂದು ಎದುರಾಗುತ್ತದೆ. ಸುತ್ತಲೂ ದೊಡ್ಡ ಮಳಿಗೆಗಳು, ಟ್ರಾಮ್ ಗಾಡಿಗಳ ಓಡಾಟ. ಕಟ್ಟಡದ ಮುಂಭಾಗದಲ್ಲಿ ಲ್ಯಾಟಿನ್ ಭಾಷೆಯ ನಾಲ್ಕೇ ಪದಗಳ ಬರಹವಿದೆ. ‘ನಾಡು ತನ್ನ ಭರವಸೆಗೆ ಕೊಟ್ಟದ್ದು’ ಎಂಬುದು ಅದರ ಅರ್ಥ. ಇಲ್ಲಿ ಭರವಸೆ ಎಂದರೆ ವಿದ್ಯಾರ್ಥಿಗಳು. ಈ ಕಟ್ಟಡವನ್ನು ಕಟ್ಟಿಸಿದ್ದು ಸರ್ಕಾರವಲ್ಲ, ವಿಶ್ವವಿದ್ಯಾಲಯವೂ ಅಲ್ಲ. ವಿದ್ಯಾರ್ಥಿ ಸಂಘ.

ವಿದ್ಯಾರ್ಥಿ ಸಂಘ ಎಂದೊಡನೆ ನಮಗೆ ನೆನಪಾಗುವುದು ಚುನಾವಣೆ, ಮೆರವಣಿಗೆ, ವಾರ್ಷಿಕೋತ್ಸವ. ಅದಕ್ಕೆ ಸ್ವಂತ ಆಸ್ತಿ ಇರಬಹುದು, ಅದು ಊಟದ ಮನೆ ನಡೆಸಬಹುದು, ಪತ್ರಿಕೆ ಹೊರಡಿಸಬಹುದು ಎಂಬ ಕಲ್ಪನೆ ಕಡಿಮೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘ ಒಂದೂವರೆ ಶತಮಾನದಲ್ಲಿ ಇವೆಲ್ಲವನ್ನೂ ಮಾಡಿತು. ಸ್ವಂತ ಹಣವಿದ್ದ ಸಂಘಕ್ಕೆ ಸ್ವಂತ ದನಿ ಇರುತ್ತದೆ. ಆದರೆ ಆ ಹಣದ ಜೊತೆಗೇ ಲೆಕ್ಕ ಒಪ್ಪಿಸುವ ಹೊಣೆಯೂ ಬರುತ್ತದೆ. ಈ ಸಂಘದ ಇತಿಹಾಸ ಹೇಳುವುದು ಇದನ್ನೇ.

ಸೀಮೆಯ ಕೂಟಗಳಿಂದ ಸಂಘಕ್ಕೆ

ಈ ವಿಶ್ವವಿದ್ಯಾಲಯ ಹುಟ್ಟಿದ್ದು ಹೆಲ್ಸಿಂಕಿಯಲ್ಲಿ ಅಲ್ಲ. 1640ರಲ್ಲಿ, ಫಿನ್ಲೆಂಡ್ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದಾಗ, ತುರ್ಕು ಎಂಬ ಊರಿನಲ್ಲಿ ಅದು ಆರಂಭವಾಯಿತು. 1809ರಲ್ಲಿ ಫಿನ್ಲೆಂಡ್ ರಷ್ಯಾದ ವಶವಾಯಿತು. 1827ರ ಭಾರೀ ಬೆಂಕಿಗೆ ತುರ್ಕು ನಗರ ಸುಟ್ಟುಹೋದ ಮೇಲೆ, ಮರುವರ್ಷ ವಿಶ್ವವಿದ್ಯಾಲಯವನ್ನು ಹೆಲ್ಸಿಂಕಿಗೆ ಸಾಗಿಸಲಾಯಿತು.

ದೂರದ ಊರುಗಳಿಂದ ಬರುತ್ತಿದ್ದ ಹುಡುಗರು ಮೊದಲಿನಿಂದಲೂ ತಮ್ಮ ತಮ್ಮ ಸೀಮೆಗೆ ತಕ್ಕಂತೆ ಕೂಟಗಳನ್ನು ಕಟ್ಟಿಕೊಂಡಿದ್ದರು. ಈ ಕೂಟಗಳಿಗೆ ಅಲ್ಲಿಯ ಭಾಷೆಯಲ್ಲಿ ‘ಒಸಾಕುಂತ’ ಎನ್ನುತ್ತಾರೆ. ಹೊಸಬರಿಗೆ ಆಸರೆ, ಹಳಬರ ಮಾರ್ಗದರ್ಶನ, ಚರ್ಚೆ, ಹಾಡು, ಹಬ್ಬ ಎಲ್ಲವೂ ಅಲ್ಲಿಯೇ. ಯುರೋಪಿನ ತುಂಬ 1848ರ ಕ್ರಾಂತಿಗಳು ನಡೆದ ಮೇಲೆ ರಷ್ಯಾದ ಆಡಳಿತಕ್ಕೆ ಯುವಕರ ಗುಂಪು ಎಂದರೆ ಅನುಮಾನ ಹುಟ್ಟಿತು. 1852ರಲ್ಲಿ ಈ ಕೂಟಗಳನ್ನು ನಿಷೇಧಿಸಲಾಯಿತು. ನಿಷೇಧ ತೆರವಾಗಿ, ಎಲ್ಲ ವಿದ್ಯಾರ್ಥಿಗಳನ್ನೂ ಒಳಗೊಂಡ ಸಂಘಕ್ಕೆ ಅಧಿಕೃತ ಮಾನ್ಯತೆ ದೊರೆತದ್ದು 1868ರಲ್ಲಿ.

ಆ ಕಾಲ ಎಂಥದು ಎಂಬುದನ್ನು ನೆನೆಯಬೇಕು. 1866ರಿಂದ 1868ರವರೆಗೆ ಫಿನ್ಲೆಂಡನ್ನು ಕಾಡಿದ ಕ್ಷಾಮದಲ್ಲಿ ಹಸಿವು ಮತ್ತು ರೋಗಗಳಿಂದ ದೇಶದ ಜನಸಂಖ್ಯೆಯ ಸುಮಾರು ಶೇಕಡ 8ರಷ್ಟು ಜನ ಸತ್ತರು. ಅದಾದ ಎರಡೇ ವರ್ಷಕ್ಕೆ, 1870ರ ನವೆಂಬರ್ 26ರಂದು, ವಿದ್ಯಾರ್ಥಿ ಭವನದ ಉದ್ಘಾಟನೆಯಾಯಿತು. ಅದಕ್ಕೆ ಬೇಕಾದ ಹಣ ಬಂದದ್ದು ನಾಡಿನ ನಾನಾ ಕಡೆಗಳ ವಂತಿಗೆಯಿಂದ, ಸಂಗೀತ ಕಛೇರಿ ಮತ್ತು ಲಾಟರಿಗಳ ಗಳಿಕೆಯಿಂದ. ಇನ್ನೂ ಸ್ವತಂತ್ರವಾಗದ ನಾಡಿನ ಜನ ಓದುವ ಮಕ್ಕಳ ಮೇಲೆ ಇಟ್ಟ ನಂಬಿಕೆ ಅದು. ಮುಂಭಾಗದ ಬರಹ ಬರಿಯ ಅಲಂಕಾರವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಊರಂಚಿನ ಜಾಗಕ್ಕೆ ಬಂದ ಬೆಲೆ

ಭವನ ಕಟ್ಟುವಾಗ ಆ ಜಾಗ ಊರಿನ ಅಂಚು. 1862ರಲ್ಲಿ ರೈಲು ಬಂದಿತ್ತು. ನಿಲ್ದಾಣ ಹತ್ತಿರದಲ್ಲೇ ಇತ್ತು. ನಗರ ಬೆಳೆದಂತೆ ಊರಂಚು ಊರ ನಡುವಾಯಿತು, ನೆಲದ ಬೆಲೆ ಏರುತ್ತ ಹೋಯಿತು. 1910ರಲ್ಲಿ ಪಕ್ಕದಲ್ಲೇ ಹೊಸ ವಿದ್ಯಾರ್ಥಿ ಭವನ ಎದ್ದಿತು. ಅದರ ವಿನ್ಯಾಸ ಮಾಡಿದವರು ಆರ್ಮಸ್ ಲಿಂಡ್‌ಗ್ರೆನ್ ಮತ್ತು ವಿವಿ ಲಾನ್. ವಿವಿ ಲಾನ್ ಫಿನ್ಲೆಂಡಿನ ಮೊದಲ ತಲೆಮಾರಿನ ಮಹಿಳಾ ವಾಸ್ತುಶಿಲ್ಪಿಗಳಲ್ಲಿ ಪ್ರಮುಖರು. ಹೆಣ್ಣುಮಕ್ಕಳು ಪುರುಷರಂತೆಯೇ, ವಿಶೇಷ ಅನುಮತಿ ಇಲ್ಲದೆ, ವಿಶ್ವವಿದ್ಯಾಲಯ ಸೇರುವ ಹಕ್ಕು ಪಡೆದದ್ದು 1901ರಲ್ಲಿ ಎಂಬುದನ್ನು ನೆನೆದರೆ ಈ ಸಂಗತಿಯ ಮಹತ್ವ ತಿಳಿದೀತು.

ಮುಂದೆ ಅಂಗಡಿ, ಕಚೇರಿಗಳ ಕಟ್ಟಡಗಳೂ ಸೇರಿಕೊಂಡವು. ಬಾಡಿಗೆ ಬರತೊಡಗಿತು. ಸದಸ್ಯತ್ವ ಶುಲ್ಕದ ಜೊತೆಗೆ ಬಾಡಿಗೆಯ ಆದಾಯವೂ ಸೇರಿ ಹೆಲ್ಸಿಂಕಿಯ ಸಂಘ ಜಗತ್ತಿನ ಅತ್ಯಂತ ಶ್ರೀಮಂತ ವಿದ್ಯಾರ್ಥಿ ಸಂಘಗಳಲ್ಲಿ ಒಂದೆಂದು ಹೆಸರಾಯಿತು.

ಅರವತ್ತು ಮಂದಿಯ ಸಭೆ

ಇಷ್ಟು ಆಸ್ತಿಯ ಯಜಮಾನಿಕೆ ಯಾರದು? ಸಂಘದ ಪರಮಾಧಿಕಾರ ಇರುವುದು 60 ಸದಸ್ಯರ ಪ್ರತಿನಿಧಿ ಸಭೆಯ ಕೈಯಲ್ಲಿ. ಎರಡು ವರ್ಷಕ್ಕೊಮ್ಮೆ ಚುನಾವಣೆ. ಪಟ್ಟಿಗಳಿಗೆ ಬಿದ್ದ ಮತಗಳ ಪ್ರಮಾಣಕ್ಕೆ ತಕ್ಕಂತೆ ಸ್ಥಾನಗಳು ಹಂಚಿಕೆಯಾಗುತ್ತವೆ. ಆದ್ದರಿಂದ ಸಣ್ಣ ಗುಂಪಿಗೂ ಒಂದೆರಡು ಸ್ಥಾನ ಸಿಗುವ ಅವಕಾಶವಿದೆ. ಸೀಮೆಯ ಕೂಟಗಳು, ವಿಭಾಗವಾರು ಸಂಘಗಳು, ರಾಜಕೀಯ ಪಕ್ಷಗಳ ಬೆಂಬಲಿಗರು ಎಲ್ಲರೂ ಕಣದಲ್ಲಿರುತ್ತಾರೆ. ಈ ಸಭೆ ಬಜೆಟ್ಟಿಗೆ ಒಪ್ಪಿಗೆ ಕೊಡುತ್ತದೆ, ಶುಲ್ಕ ಗೊತ್ತುಮಾಡುತ್ತದೆ, ದಿನನಿತ್ಯದ ಕೆಲಸಕ್ಕೆ ಕಾರ್ಯಮಂಡಳಿಯನ್ನು ಆರಿಸುತ್ತದೆ. ಆಸ್ತಿಯ ವ್ಯವಹಾರಕ್ಕೆ ಸಂಘದ್ದೇ ಒಡೆತನದ ಬೇರೆ ಕಂಪನಿ.

ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಘದ ಸದಸ್ಯತ್ವ ಕಡ್ಡಾಯ. 2009ರ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲೂ ಈ ನಿಯಮ ಉಳಿಯಿತು. ಸಂಘ ಸೇರದಿರುವುದೂ ಒಂದು ಸ್ವಾತಂತ್ರ್ಯವಲ್ಲವೇ ಎಂಬ ಆಕ್ಷೇಪ ಅಲ್ಲಿ ಆಗಾಗ ಏಳುತ್ತದೆ. ಅದಕ್ಕೆ ಸಿಗುವ ಉತ್ತರ ಸರಳ. ವಿಶ್ವವಿದ್ಯಾಲಯದ ಆಡಳಿತ ಸಭೆಗಳಿಗೆ ವಿದ್ಯಾರ್ಥಿ ಪ್ರತಿನಿಧಿಗಳನ್ನು ಕಳಿಸುವ ಹೊಣೆಯನ್ನು ಕಾನೂನೇ ಸಂಘಕ್ಕೆ ಹೊರಿಸಿದೆ. ಎಲ್ಲರ ಪರವಾಗಿ ಮಾತನಾಡಬೇಕಾದ ಸಂಘದಲ್ಲಿ ಎಲ್ಲರೂ ಇರಬೇಕು. ಆದರೆ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮತ ಹಾಕುವುದೇ ಇಲ್ಲ ಎಂಬುದು ಈ ವಾದದ ಬಲವನ್ನು ಕುಗ್ಗಿಸುವ ಮಾತು.

ತಮ್ಮ ಮನೆಗೇ ಮುತ್ತಿಗೆ

1968ರ ನವೆಂಬರಿನಲ್ಲಿ ಸಂಘದ ಶತಮಾನೋತ್ಸವಕ್ಕೆ ಸಿದ್ಧತೆ ನಡೆದಿತ್ತು. ಪ್ಯಾರಿಸ್ಸಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದ ವರ್ಷವದು. ಉತ್ಸವದ ಹಿಂದಿನ ದಿನ, ನವೆಂಬರ್ 25ರಂದು, ನೂರಾರು ವಿದ್ಯಾರ್ಥಿಗಳು ಹಳೆಯ ಭವನಕ್ಕೆ ನುಗ್ಗಿ ಅದನ್ನು ವಶಪಡಿಸಿಕೊಂಡರು. ಅವರು ಹಿಡಿದದ್ದು ಸರ್ಕಾರದ ಕಚೇರಿಯನ್ನಲ್ಲ, ತಮ್ಮದೇ ಸಂಘದ ಮನೆಯನ್ನು ಎಂಬುದೇ ಇಲ್ಲಿಯ ವಿಶೇಷ. ವಿಶ್ವವಿದ್ಯಾಲಯದ ಆಡಳಿತದಲ್ಲಿ ಪ್ರಾಧ್ಯಾಪಕನಿಗೂ ವಿದ್ಯಾರ್ಥಿಗೂ ಒಂದೊಂದೇ ಮತ ಇರಬೇಕು ಎಂಬುದು ಆಗ ಕೇಳಿಬರುತ್ತಿದ್ದ ಬೇಡಿಕೆ. ಸಂಘ ಸಿರಿವಂತವಾಗಿದೆ, ಔತಣಗಳಲ್ಲಿ ಮುಳುಗಿದೆ ಎಂಬ ಸಿಟ್ಟೂ ಅದರೊಳಗಿತ್ತು. ಸಮಾನ ಮತದ ಮಸೂದೆ 1970ರಲ್ಲಿ ಸಂಸತ್ತಿನಲ್ಲಿ ಬಿದ್ದುಹೋಯಿತು. ಆದರೆ ಸಂಘದ ಸಭೆ ಮೊದಲಿನಂತೆ ಉಳಿಯಲಿಲ್ಲ. ಪಕ್ಷ ರಾಜಕೀಯ ಅದರೊಳಗೆ ನೆಲೆಯೂರಿತು.

ಊಟ, ಔಷಧ, ಅಕ್ಷರ

ರಾಜಕೀಯದ ಸದ್ದಿನ ನಡುವೆಯೂ ಬದುಕಿನ ಕೆಲಸಗಳು ನಡೆದವು. ಸಂಘ ನಡೆಸಿದ ಅಗ್ಗದ ಊಟದ ಮನೆಗಳಲ್ಲಿ ಮಧ್ಯಾಹ್ನ ಬಿಸಿ ಊಟ ಸಿಗುತ್ತಿತ್ತು. 1979ರಿಂದ ಇಂಥ ಊಟಕ್ಕೆ ಸರ್ಕಾರದ ಸಹಾಯಧನವೂ ದೊರೆಯಿತು. ವಾರಾನ್ನದಲ್ಲಿ ಓದಿದವರ ಕಥೆ ಕೇಳಿ ಬೆಳೆದ ನಮಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇಶದ ವಿದ್ಯಾರ್ಥಿ ಸಂಘಗಳ ಪ್ರಯತ್ನದಿಂದ 1954ರಲ್ಲಿ ವಿದ್ಯಾರ್ಥಿಗಳಿಗೇ ಮೀಸಲಾದ ಆರೋಗ್ಯ ಸೇವಾ ಪ್ರತಿಷ್ಠಾನ ಸ್ಥಾಪನೆಯಾಯಿತು. 1969ರಲ್ಲಿ ರಾಜಧಾನಿ ಪ್ರದೇಶದ ವಿದ್ಯಾರ್ಥಿಗಳ ವಸತಿಗಾಗಿ ಇನ್ನೊಂದು ಪ್ರತಿಷ್ಠಾನ ಹುಟ್ಟಿತು. 1913ರಲ್ಲಿ ಆರಂಭವಾದ ವಿದ್ಯಾರ್ಥಿ ಪತ್ರಿಕೆ ಅನೇಕ ಬರಹಗಾರರನ್ನು, ರಾಜಕಾರಣಿಗಳನ್ನು ಬೆಳೆಸಿತು. 1956ರಿಂದ 1982ರವರೆಗೆ ದೇಶದ ಅಧ್ಯಕ್ಷರಾಗಿದ್ದ ಉರ್ಹೊ ಕೆಕ್ಕೊನೆನ್ 1920ರ ದಶಕದಲ್ಲಿ ಅದರ ಸಂಪಾದಕರಾಗಿದ್ದವರು.

ಈ ಚಿತ್ರ ಈಚೆಗೆ ಬದಲಾಗಿದೆ. 2020ರಲ್ಲಿ ಕೊರೊನಾ ಬಂದು ತರಗತಿಗಳು ಮುಚ್ಚಿದಾಗ ಊಟದ ಮನೆಗಳೂ ಬರಿದಾದವು. ಆ ಬಳಿಕ ಸಂಘದ ಕಂಪನಿ ಆ ಉದ್ಯಮವನ್ನು ದೊಡ್ಡ ಆಹಾರ ಸಂಸ್ಥೆಯೊಂದಕ್ಕೆ ಮಾರಿತು. ಆರೋಗ್ಯ ಶುಲ್ಕವನ್ನು 2021ರಿಂದ ಸಂಘದ ಬದಲು ಸರ್ಕಾರದ ವಿಮಾ ಸಂಸ್ಥೆ ವಸೂಲು ಮಾಡುತ್ತಿದೆ. ಒಂದು ಕಾಲಕ್ಕೆ ಸೀಮೆಯ ಕೂಟಗಳು ಸಭೆ ಸೇರುತ್ತಿದ್ದ 1910ರ ಭವನದಲ್ಲಿ 2024ರಲ್ಲಿ ಐಷಾರಾಮಿ ಹೋಟೆಲ್ ಬಾಗಿಲು ತೆರೆಯಿತು.

ಬಾಡಿಗೆ ಹೆಚ್ಚು ಬಂದರೆ ಸೇವೆಗೆ ಹಣ ಹೆಚ್ಚು ಎಂಬುದು ಒಂದು ಲೆಕ್ಕ. ನಷ್ಟವಾದರೆ ಕಳೆದುಕೊಳ್ಳುವುದು ಹಿಂದಿನ ತಲೆಮಾರುಗಳು ಕೂಡಿಟ್ಟದ್ದನ್ನು ಎಂಬುದು ಇನ್ನೊಂದು ಲೆಕ್ಕ. ನಾಲ್ಕೈದು ವರ್ಷ ಓದಿ ಹೊರಟುಹೋಗುವ ವಿದ್ಯಾರ್ಥಿ ಇದರ ಮಾಲೀಕನಲ್ಲ, ಕಾವಲುಗಾರ. ಕ್ಷಾಮದಿಂದ ಆಗಷ್ಟೇ ಎದ್ದ ಜನ ಕೊಟ್ಟ ಹಣದಿಂದ ಬೆಳೆದ ಆಸ್ತಿಯನ್ನು ಏನು ಮಾಡಬೇಕೆಂದು ತೀರ್ಮಾನಿಸುವವರು ಈಗಲೂ ಇಪ್ಪತ್ತರ ಆಸುಪಾಸಿನ ಆ ಅರವತ್ತು ಮಂದಿಯೇ.