ಮನೆಯಿಂದ ಕಚೇರಿಯ ಗಣಕಯಂತ್ರವನ್ನು ಬಳಸುವ ಕುರಿತು ಸಾರ್ವಜನಿಕರಿಗೆ ಮಾಹಿತಿ

ಮನೆಯಲ್ಲಿ ಕುಳಿತು ಅಂತರಜಾಲದ ಮೂಲಕ ಕಚೇರಿಯ ಗಣಕಯಂತ್ರವನ್ನು ತೆರೆದು ಕೆಲಸ ನಿರ್ವಹಿಸುವ ವ್ಯವಸ್ಥೆಯನ್ನು ರಿಮೋಟ್ ಡೆಸ್ಕ್‌ಟಾಪ್ ಎನ್ನಲಾಗುತ್ತದೆ. ಇದರಲ್ಲಿ ಕಡತಗಳು ಕಚೇರಿಯಲ್ಲಿಯೇ ಉಳಿಯುತ್ತವೆ. ಪರದೆಯ ಚಿತ್ರ ಮಾತ್ರ ಮನೆಗೆ ಬರುತ್ತದೆ. ಕೀಲಿಮಣೆ ಹಾಗೂ ಮೌಸ್‌ನ ಆದೇಶಗಳು ಕಚೇರಿಗೆ ತಲುಪುತ್ತವೆ. 2020ರ ಕೋವಿಡ್ ದಿಗ್ಬಂಧನದ ನಂತರ ಸಣ್ಣ ಕಚೇರಿಗಳಲ್ಲಿಯೂ ಇದರ ಬಳಕೆ ಹೆಚ್ಚಿರುವುದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಕಚೇರಿಯ ಯಂತ್ರದಲ್ಲಿ ಇರಬೇಕಾದುದು

ವಿಂಡೋಸ್ ಬಳಸುವವರು ಮೊದಲು ಅದರ ಆವೃತ್ತಿಯನ್ನು ಪರಿಶೀಲಿಸತಕ್ಕದ್ದು. ಹೋಮ್ ಆವೃತ್ತಿಯಿಂದ ಬೇರೊಂದು ಯಂತ್ರವನ್ನು ಸಂಪರ್ಕಿಸಬಹುದೇ ಹೊರತು, ಅದನ್ನೇ ಈ ಸೌಲಭ್ಯದ ಮೂಲಕ ಹೊರಗಿನಿಂದ ತೆರೆಯಲಾಗದು. ಅದಕ್ಕೆ ಪ್ರೊ ಅಥವಾ ಎಂಟರ್‌ಪ್ರೈಸ್ ಆವೃತ್ತಿ ಅಗತ್ಯ. ಖರೀದಿಯ ವೇಳೆ ಈ ವ್ಯತ್ಯಾಸವನ್ನು ಕೇಳಿ ತಿಳಿಯುವವರು ವಿರಳ. ಯಂತ್ರವು ತಾನಾಗಿಯೇ ನಿದ್ರಾಸ್ಥಿತಿಗೆ ಹೋಗದಂತೆ ಹೊಂದಿಸಿರಬೇಕು. ವಿದ್ಯುತ್ ಪದೇ ಪದೇ ಕಡಿತವಾಗುವ ಊರುಗಳಲ್ಲಿ ಯು.ಪಿ.ಎಸ್. ಇರುವುದು ಸೂಕ್ತ.

ಸಂಪರ್ಕದ ಮಾರ್ಗ

ಬಹುಪಾಲು ಅನಾಹುತಗಳಿಗೆ ಆಸ್ಪದವಾಗುವುದು ಇಲ್ಲಿಯೇ. ಕೆಲವು ತಂತ್ರಜ್ಞರು ಶೀಘ್ರವಾಗಿ ಕೆಲಸ ಮುಗಿಸಲು ಕಚೇರಿಯ ರೌಟರ್‌ನಲ್ಲಿ 3389 ಸಂಖ್ಯೆಯ ಪೋರ್ಟ್ ಅನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುತ್ತಾರೆ. ಹೀಗೆ ತೆರೆದಿರುವ ಪೋರ್ಟ್‌ಗಳನ್ನು ಹುಡುಕಿ, ಗುಪ್ತಪದಗಳನ್ನು ಸತತವಾಗಿ ಊಹಿಸುವ ಸ್ವಯಂಚಾಲಿತ ತಂತ್ರಾಂಶಗಳು ಹಗಲಿರುಳೂ ಕಾರ್ಯನಿರತವಾಗಿರುತ್ತವೆ. 2019ರ ಮೇ ತಿಂಗಳಿನಲ್ಲಿ ಬಹಿರಂಗವಾದ ಬ್ಲೂಕೀಪ್ ಎಂಬ ದೋಷಕ್ಕೆ ಗುಪ್ತಪದದ ಅಗತ್ಯವೂ ಇರಲಿಲ್ಲ. 2014ರಲ್ಲಿಯೇ ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಸಂಸ್ಥೆಯು ಆಗ ತಿದ್ದುಪಡಿ ಹೊರಡಿಸಬೇಕಾಯಿತು. ಪೋರ್ಟ್ ಸಂಖ್ಯೆಯನ್ನು ಬದಲಿಸಿದ ಮಾತ್ರಕ್ಕೆ ರಕ್ಷಣೆ ದೊರೆಯುವುದಿಲ್ಲ.

ಆದ್ದರಿಂದ ಮೊದಲು ವಿ.ಪಿ.ಎನ್. ಮೂಲಕ ಕಚೇರಿಯ ಜಾಲವನ್ನು ಪ್ರವೇಶಿಸಿ, ನಂತರವಷ್ಟೇ ರಿಮೋಟ್ ಡೆಸ್ಕ್‌ಟಾಪ್ ತೆರೆಯುವುದು ಸರಿಯಾದ ಕ್ರಮ. ಗುಪ್ತಪದದೊಂದಿಗೆ ಮೊಬೈಲ್‌ನಲ್ಲಿ ದೊರೆಯುವ ಎರಡನೆಯ ದೃಢೀಕರಣ ಸಂಖ್ಯೆಯನ್ನೂ ಕಡ್ಡಾಯಗೊಳಿಸತಕ್ಕದ್ದು. ಕೆಲಸ ಮುಗಿದ ಬಳಿಕ ಕಿಟಕಿಯನ್ನು ಮುಚ್ಚಿದರೆ ಸಾಲದು, ಏಕೆಂದರೆ ಖಾತೆ ಕಚೇರಿಯಲ್ಲಿ ಚಾಲನೆಯಲ್ಲಿಯೇ ಇರುತ್ತದೆ. ಸೈನ್ ಔಟ್ ಮಾಡಬೇಕು. ಸೈಬರ್ ಕೆಫೆಯ ಯಂತ್ರಗಳನ್ನು ಈ ಕಾರ್ಯಕ್ಕೆ ಬಳಸಬಾರದು.

ಅಪರಿಚಿತರ ಕರೆಗಳು

ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದ ತಂತ್ರಾಂಶಗಳಲ್ಲಿ ಒಂದು ಸಂಖ್ಯೆಯನ್ನು ತಿಳಿಸಿ ಅನುಮತಿ ನೀಡಿದರೆ ಸಂಪರ್ಕ ಏರ್ಪಡುತ್ತದೆ. ಈ ಸುಲಭತೆಯನ್ನೇ ವಂಚಕರೂ ಬಳಸಿಕೊಳ್ಳುತ್ತಾರೆ. ಅರ್ಜಿಯ ವಿಲೇವಾರಿಗೆ ಅರ್ಜಿದಾರರ ಪರದೆಯನ್ನು ನೋಡುವ ಅಗತ್ಯವಿರುವುದಿಲ್ಲ. ಅಧಿಕಾರಿಯೆಂದು ಹೇಳಿಕೊಂಡು ಕರೆ ಮಾಡಿ ಇಂತಹ ತಂತ್ರಾಂಶವನ್ನು ಅಳವಡಿಸಲು ಸೂಚಿಸಿದಲ್ಲಿ ಕರೆಯನ್ನು ಕಡಿತಗೊಳಿಸುವುದು.

ಅನುಮತಿ ಮತ್ತು ದೂರು

ಯಂತ್ರದ ಮಾಲೀಕರ ಅಥವಾ ಅದರ ಹೊಣೆ ಹೊತ್ತವರ ಅನುಮತಿಯಿಲ್ಲದೆ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೇ ಪ್ರಕರಣದ ಉಲ್ಲಂಘನೆ. ಅಪ್ರಾಮಾಣಿಕ ಉದ್ದೇಶವಿದ್ದಲ್ಲಿ 66ನೇ ಪ್ರಕರಣದ ಮೇರೆಗೆ 3 ವರ್ಷಗಳವರೆಗೆ ಕಾರಾವಾಸ, 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು. ಕಚೇರಿಯ ನೌಕರರಿಗೂ ಇದು ಅನ್ವಯಿಸುತ್ತದೆ.

ಅನ್ಯರು ಪ್ರವೇಶಿಸಿರುವ ಸಂಶಯ ಬಂದಲ್ಲಿ ಯಂತ್ರವನ್ನು ಕೂಡಲೇ ಜಾಲದಿಂದ ಬೇರ್ಪಡಿಸಿ, ಬೇರೊಂದು ಸಾಧನದಿಂದ ಗುಪ್ತಪದವನ್ನು ಬದಲಿಸಿ, ಕಚೇರಿಗೆ ತಿಳಿಸತಕ್ಕದ್ದು. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಮೇರೆಗೆ, ಇಂತಹ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಆ ಸಂಸ್ಥೆಗೆ ವರದಿ ಮಾಡುವುದು ಕಚೇರಿಯ ಹೊಣೆ. ಹಣ ಕಳೆದುಕೊಂಡವರು ವಿಳಂಬಿಸದೆ 1930 ಸಹಾಯವಾಣಿಗೆ ಕರೆ ಮಾಡುವುದು.