ಮಲೆನಾಡನ್ನು ಕೇಳಿದವರು

ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನ ಅಡಕೆ ಬೆಳೆಗಾರನ ಕಿವಿ ತೋಟದ ಕಡೆಗೇ ಇರುತ್ತದೆ. ಬಲಿಯದ ಹಸಿರು ಕಾಯಿ ಒಂದರ ಹಿಂದೊಂದು ಉದುರುವ ಸದ್ದು ಕೇಳಿಬಂದರೆ ಕೊಳೆರೋಗ ಹೊಕ್ಕಿತೆಂದೇ ಅರ್ಥ. ನರಸಿಂಹರಾಜಪುರ ತಾಲ್ಲೂಕಿನ ಸೀತೂರಿನಲ್ಲಾಗಲಿ, ಕೊಪ್ಪದ ಕಣಿವೆಗಳಲ್ಲಾಗಲಿ, ಶೃಂಗೇರಿಯ ತುಂಗಾತೀರದಲ್ಲಾಗಲಿ ಆ ಸದ್ದಿನ ಅರ್ಥವನ್ನು ಮಕ್ಕಳಿಗೂ ಬಿಡಿಸಿ ಹೇಳಬೇಕಾಗಿಲ್ಲ. ವರ್ಷದ ಗಂಜಿ, ಸಾಲದ ಕಂತು, ಮಗಳ ಮದುವೆ ಎಲ್ಲವೂ ಆ ಕೊನೆಗಳಲ್ಲೇ ತೂಗಿಕೊಂಡಿರುತ್ತವೆ.

ಸಂಶೋಧನೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ವಿಶ್ವವಿದ್ಯಾನಿಲಯದ ಕಟ್ಟಡ, ಪ್ರಯೋಗಶಾಲೆಯ ಗಾಜಿನ ನಳಿಗೆ, ದಪ್ಪನೆಯ ಇಂಗ್ಲಿಷ್ ಗ್ರಂಥ. ಆದರೆ ಈ ಕಾಡುತೋಟಗಳ ಸೀಮೆಗೂ ಸಂಶೋಧನೆಗೂ ಇನ್ನೂರು ವರ್ಷಗಳಿಗೆ ಮೇಲ್ಪಟ್ಟ ನಂಟುಂಟು. ಹೊರಗಿನಿಂದ ವಿದ್ವಾಂಸರು ಬಂದಿದ್ದಾರೆ, ಪ್ರಶ್ನೆ ಹಾಕಿದ್ದಾರೆ, ಬರೆದುಕೊಂಡು ಹೋಗಿದ್ದಾರೆ. ಕನ್ನಡದಲ್ಲಿ ಕೇಳುವುದೆಂದರೆ ಪ್ರಶ್ನೆ ಮಾಡುವುದೂ ಹೌದು, ಕಿವಿಗೊಡುವುದೂ ಹೌದು. ಬಂದವರು ಯಾರನ್ನು ಕೇಳಿದರು, ಕೇಳಿ ತಿಳಿದದ್ದು ಹೇಳಿದವರ ಮನೆಗೆ ಹಿಂದಿರುಗಿತೆ ಎಂಬ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಆ ಚರಿತ್ರೆಯನ್ನು ಸ್ವಲ್ಪ ನೋಡೋಣ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನೆಲ್ಲ ಸುತ್ತಿದನು. 1801ರಲ್ಲಿ ಅವನು ಇಕ್ಕೇರಿ, ನಗರಗಳ ಸೀಮೆಗೂ ಬಂದನು. ಮಣ್ಣು ಎಂಥದು, ಅಡಕೆ ತೋಟವನ್ನು ಹೇಗೆ ಮಾಡುತ್ತಾರೆ, ಕಂದಾಯ ಎಷ್ಟು, ಯಾವ ಜಾತಿಯವರ ನಡವಳಿಕೆ ಏನು, ಕಾಡಿನಲ್ಲಿ ಯಾವ ಮರಗಳುಂಟು ಎಂದು ದುಭಾಷಿಯ ಮೂಲಕ ಊರೂರಿನಲ್ಲಿ ವಿಚಾರಿಸಿ ದಿನಚರಿಯಲ್ಲಿ ಬರೆದಿಟ್ಟನು. ಸಮಾಜ, ಪರಿಸರ, ಬೇಸಾಯ ಮೂರನ್ನೂ ಒಂದೇ ಕಣ್ಣಿನಿಂದ ನೋಡಿದ ಈ ಬರಹ ಚರಿತ್ರಕಾರನಿಗೆ ಇಂದಿಗೂ ಬೇಕಾದದ್ದು. ಆದರೆ ಅದು ಮೂರು ಸಂಪುಟಗಳಾಗಿ ಅಚ್ಚಾದದ್ದು 1807ರಲ್ಲಿ, ಲಂಡನ್ನಿನಲ್ಲಿ. ಉತ್ತರ ಕೊಟ್ಟ ರೈತನಿಗೆ ಆ ಪುಸ್ತಕದ ಸುದ್ದಿಯೇ ತಲುಪುವಂತಿರಲಿಲ್ಲ. ಹೊಸ ಸೀಮೆಯ ಹುಟ್ಟುವಳಿಯೇನೆಂದು ಕುಂಪಣಿಗೆ ತಿಳಿಯಬೇಕಾಗಿತ್ತು, ತಿಳಿಯಿತು.

ಎರಡನೆಯ ಹೆಸರು ಬಿ. ಎಲ್. ರೈಸ್ ಅವರದು. ಇವರು ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದವರು, ಕನ್ನಡ ಬಲ್ಲವರು. ಶಾಸನಗಳ ರೈಸ್ ಎಂದು ನಾವು ನೆನೆಯುವ ಇವರೇ ಮೊದಲು ವಿದ್ಯಾ ಇಲಾಖೆಯಲ್ಲಿದ್ದು, 1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ರೂಪಿಸಿದವರು. ಆಮೇಲೆ ಪುರಾತತ್ತ್ವ ಇಲಾಖೆಯ ಹೊಣೆ ಹೊತ್ತು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಹೊರತಂದರು. ಅದರ ಆರನೆಯ ಸಂಪುಟ ಅಂದಿನ ಕಡೂರು ಜಿಲ್ಲೆಗೆ ಮೀಸಲು, ಅಚ್ಚಾದದ್ದು 1901ರಲ್ಲಿ. ಕೊಪ್ಪ, ಶೃಂಗೇರಿಗಳ ಕಲ್ಲುಬರಹ ತಾಮ್ರಪಟಗಳೆಲ್ಲ ಅದರಲ್ಲಿ ತಾಲ್ಲೂಕುವಾರು ಸಂಖ್ಯೆಯೊಡನೆ ಬಂದಿವೆ. ವಿಜಯನಗರದ ಹರಿಹರನೂ ಅವನ ತಮ್ಮಂದಿರೂ 1346ರಲ್ಲಿ ಶೃಂಗೇರಿಯಲ್ಲಿ ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿ ಬಿಟ್ಟುಕೊಟ್ಟ ಸಂಗತಿ ನಮಗೆ ನಿಶ್ಚಯವಾಗಿ ಗೊತ್ತಿರುವುದು ಇಂಥ ಶಾಸನಗಳಿಂದ. ರೈಸ್ ಅವರ ಪೀಠಿಕೆ ಇಂಗ್ಲಿಷಿನಲ್ಲಿದ್ದರೂ ಮೂಲಪಾಠವನ್ನು ಅವರು ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿಸಿದರು. ಗುಡಿಯ ಮುಂದಿನ ಕಲ್ಲಿನಲ್ಲಿ ಏನಿದೆಯೆಂದು ತಿಳಿಯಲು, ಓದುಬರಹ ಬಲ್ಲ ಹಳ್ಳಿಯವನಿಗೂ ಅಷ್ಟರಮಟ್ಟಿಗೆ ದಾರಿಯಾಯಿತು. ತಿಳಿವಳಿಕೆ ಅರ್ಧ ದಾರಿ ಹಿಂದಿರುಗಿತು ಎನ್ನಬಹುದು.

ಪೂರ್ತಿ ಹಿಂದಿರುಗಿದ ಕಥೆ ಕೊಳೆರೋಗದ್ದು. ಅದಕ್ಕೆ ಮೊದಲು ಈ ಹೆಸರಿನ ವಿಚಾರ ಒಂದು ಮಾತು. ಕಾಫಿ ಗಿಡದ ಎಲೆ ಮಳೆಗಾಲದಲ್ಲಿ ಕಪ್ಪಾಗಿ ಕೊಳೆತು ಜೋತುಬೀಳುವ ರೋಗಕ್ಕೂ ಮೈಸೂರು ಸೀಮೆಯ ತೋಟಗಳಲ್ಲಿ ಕೊಳೆರೋಗವೆಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣವಾದ ಬೂಷ್ಟನ್ನು 1876ರಲ್ಲಿ ವರ್ಣಿಸಿದ ಇಂಗ್ಲೆಂಡಿನ ಕುಕ್ ಎಂಬ ವಿದ್ವಾಂಸ ಅದಕ್ಕೆ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟನು. ನಮ್ಮ ತೋಟದಾಳಿನ ಮಾತು ಹೀಗೆ ಲ್ಯಾಟಿನ್ ನಾಮಕರಣದೊಳಕ್ಕೆ ಸೇರಿಹೋಯಿತು. ಆದರೆ ಅಡಕೆಯ ಕೊಳೆರೋಗವೂ ಕಾಫಿಯ ಕೊಳೆರೋಗವೂ ಒಂದೇ ಅಲ್ಲ. ಎರಡಕ್ಕೂ ಬೇರೆ ಬೇರೆ ಬೂಷ್ಟು ಕಾರಣ. ಬರಿಗಣ್ಣಿಗೆ ಕಂಡದ್ದನ್ನು ಜನ ಹೆಸರಿಟ್ಟು ಕರೆದಿದ್ದರು. ಎರಡನ್ನೂ ಬೇರ್ಪಡಿಸಿ ತೋರಿಸಲು ಸೂಕ್ಷ್ಮದರ್ಶಕ ಬೇಕಾಯಿತು.

1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ತರುಣ ವಿಜ್ಞಾನಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಗಿಡಗಳ ರೋಗವನ್ನೂ ಕೀಟಗಳನ್ನೂ ನೋಡಿಕೊಳ್ಳುವುದು ಅವರ ಕೆಲಸ. ಅಡಕೆಯ ಕೊಳೆರೋಗವನ್ನು ಕುರಿತು ಅವರು 1910ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಆ ವಿಷಯದ ಮೊದಲ ಪುಟಗಳಲ್ಲಿ ಉಲ್ಲೇಖವಾಗುತ್ತದೆ. ರೋಗದ ಮೂಲ ಫೈಟಾಫ್ತೊರ ಜಾತಿಯ ಒಂದು ಬೂಷ್ಟೆಂದೂ, ಮಳೆಯ ತೇವವೇ ಅದರ ಜೀವಾಳವೆಂದೂ ಅವರು ತೋರಿಸಿದರು. ಈ ಬೂಷ್ಟಿನ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಮಳೆಹನಿ ಸಿಡಿದಂತೆಲ್ಲ, ಗಾಳಿ ಬೀಸಿದಂತೆಲ್ಲ ಅವು ಕಾಯಿಂದ ಕಾಯಿಗೆ, ಮರದಿಂದ ಮರಕ್ಕೆ ದಾಟುತ್ತವೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಕೋಲ್ಮನ್ ಬರುವುದಕ್ಕೆ ಬಹಳ ಮುಂಚಿನಿಂದಲೂ ಮಲೆನಾಡಿನವರು ಮಳೆಗೆ ಮೊದಲು ಅಡಕೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಹುಲ್ಲಿನಿಂದಲೋ ಹಾಳೆಯಿಂದಲೋ ಮಾಡಿದ ಈ ಕೊಟ್ಟೆ ಕೊನೆಗೆ ಕೊಡೆ ಹಿಡಿದಂತೆ. ಬೂಷ್ಟೆಂಬುದೊಂದು ಉಂಟೆಂದು ತಿಳಿಯದಿದ್ದರೂ, ನೀರು ತಾಗದ ಕಾಯಿ ಕೊಳೆಯದೆಂಬುದು ಅವರಿಗೆ ತಲೆಮಾರುಗಳಿಂದ ಗೊತ್ತಿತ್ತು. ಹೊಸ ಶಾಸ್ತ್ರ ಈ ಹಳೆಯ ಅನುಭವವನ್ನು ತಳ್ಳಿಹಾಕಲಿಲ್ಲ; ಅದು ಏಕೆ ಸರಿ ಎಂಬುದನ್ನು ತಿಳಿಸಿತು. ಆದರೆ ತೋಟದ ಒಂದೊಂದು ಕೊನೆಗೂ ಕೊಟ್ಟೆ ಹೆಣೆದು ಕಟ್ಟುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಅದಕ್ಕಿಂತ ಸುಲಭವಾದದ್ದು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ 1880ರ ದಶಕದಲ್ಲಿ ದ್ರಾಕ್ಷಿಯ ರೋಗಕ್ಕೆಂದು ಬಳಕೆಗೆ ಬಂದ ಮೈಲುತುತ್ತ ಸುಣ್ಣಗಳ ಈ ಮಿಶ್ರಣ ಮಲೆನಾಡಿನ ಅಡಕೆ ಮರದ ತುದಿಗೆ ಏರಿತು.

ಏರಿಸಿದವನು ಕೊನೆಗಾರ. ಈ ಚರಿತ್ರೆಯಲ್ಲಿ ಅವನ ಹೆಸರು ಎಲ್ಲಿಯೂ ಬರುವುದಿಲ್ಲವಾದ್ದರಿಂದ ಇಲ್ಲಿ ನೆನೆಯಬೇಕು. ಜಾರುವ ಮರವನ್ನು ಹತ್ತಿ, ಅಲ್ಲಿಂದಲೇ ಬಾಗಿ ಪಕ್ಕದ ಮರವನ್ನು ಹಿಡಿದು, ಕೊನೆ ಕೊನೆಗೂ ಔಷಧ ಹೊಡೆಯುವವನು ಅವನೇ. ಶೇಕಡ 1ರ ದ್ರಾವಣಕ್ಕೆ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಹದ ಸರಿಯಾಯಿತೇ ಎಂದು ನೋಡಲು ತಿಕ್ಕಿ ತೊಳೆದ ಕಬ್ಬಿಣದ ಚೂರಿಯನ್ನು ಅದ್ದುತ್ತಾರೆ. ಚೂರಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ಲೆಕ್ಕ. ಮಳೆ ಹಿಡಿಯುವ ಮುನ್ನ ಒಂದು ಸಲ, ಆಮೇಲೆ 40–45 ದಿನಗಳಿಗೆ ಇನ್ನೊಂದು ಸಲ ಹೊಡೆಯುವುದು ವಾಡಿಕೆ. ಅಕ್ಷರ ಬಾರದವನೂ ಚೂರಿಯಿಂದ ಮಾಡಬಲ್ಲ ಈ ಪರೀಕ್ಷೆ ರಸಾಯನಶಾಸ್ತ್ರದ ಒಂದು ಪಾಠವೇ ಸರಿ. ಶಾಸ್ತ್ರ ತೋಟಕ್ಕೆ ಇಳಿದು ಬಂದಿತೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇದು ಒಬ್ಬರ ಸಾಧನೆಯಿಂದಲೇ ಆದದ್ದಲ್ಲ. 1911ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ಸಂಪದಭ್ಯುದಯ ಸಮಾಜ ಏರ್ಪಟ್ಟಿತು. ಬೇಸಾಯ, ವಿದ್ಯಾಭ್ಯಾಸ, ಕೈಗಾರಿಕೆ ವಾಣಿಜ್ಯ ಎಂಬ ಮೂರು ವಿಭಾಗಗಳಲ್ಲಿ ಅಂಕಿಅಂಶ ಸಂಗ್ರಹಿಸಿ, ಚರ್ಚಿಸಿ, ತಿಳಿದದ್ದನ್ನು ಜಿಲ್ಲೆ ತಾಲ್ಲೂಕುಗಳಿಗೆ ಮುಟ್ಟಿಸುವುದು ಅದರ ಉದ್ದೇಶ. 1915ರ ಕನ್ನಡ ಸಾಹಿತ್ಯ ಪರಿಷತ್ತಿನ ಬೀಜವೂ ಈ ಸಮಾಜದ ಚರ್ಚೆಗಳಲ್ಲೇ ಇತ್ತೆಂಬುದನ್ನು ಮರೆಯಬಾರದು. ರೋಗದ ಸಂಶೋಧನೆ, ಶಾಲೆ, ಭಾಷೆ, ಸುದ್ದಿ ಹರಡುವ ಏರ್ಪಾಡು ಇವು ಬೇರೆ ಬೇರೆ ಇಲಾಖೆಗಳ ಕೆಲಸವಾದರೂ ಒಂದಿಲ್ಲದೆ ಇನ್ನೊಂದು ನಿಲ್ಲದೆಂದು ಆ ತಲೆಮಾರು ಕಂಡುಕೊಂಡಿತ್ತು.

ಅದೇ 1915ರಲ್ಲಿ ಕಾಫಿಯ ಎಲೆರೋಗವನ್ನು ಪರಿಶೀಲಿಸಲು ಕೊಪ್ಪದಲ್ಲಿ ತಾತ್ಕಾಲಿಕವಾಗಿ ಒಂದು ಸಂಶೋಧನ ಘಟಕ ಆರಂಭವಾಯಿತು. ಹತ್ತು ವರ್ಷಗಳ ತರುವಾಯ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕ್ಷೇತ್ರ ನೆಲೆಗೊಂಡಿತು. ಅಲ್ಲಿಂದ 1940ರ ದಶಕದಲ್ಲಿ ಹೊರಬಂದ ಎಸ್. 795 ಎಂಬ ಅರೇಬಿಕ ತಳಿಯನ್ನು ಕಾಫಿ ಬೆಳೆಗಾರರೆಲ್ಲ ಬಲ್ಲರು. ಅದರ ತಂದೆತಾಯಿಗಳಲ್ಲಿ ಒಂದಾದ ಕೆಂಟ್ ತಳಿ ಮಾತ್ರ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ. ಕೆಂಟ್ ಎಂಬ ತೋಟಗಾರನು 1911ರ ಸುಮಾರಿಗೆ ತನ್ನ ತೋಟದಲ್ಲಿ ಸುತ್ತಲಿನ ಗಿಡಗಳಿಗೆಲ್ಲ ತುಕ್ಕು ಹಿಡಿದಿದ್ದರೂ ಸೊಂಪಾಗಿ ನಿಂತಿದ್ದ ಗಿಡವನ್ನು ಗುರುತಿಸಿ ಅದರ ಬೀಜ ಎತ್ತಿಟ್ಟದ್ದರಿಂದ ಅದು ನಮಗೆ ದೊರೆಯಿತು. ಇಲ್ಲಿಯೂ ತೋಟದ ಕಣ್ಣೇ ಮೊದಲು ಕಂಡಿತು.

ಗಿಡದ ರೋಗದಿಂದ ಮನುಷ್ಯನ ರೋಗಕ್ಕೆ ಬಂದರೆ ಇದೇ ಮಾತಿಗೆ ಇನ್ನೂ ಗಂಭೀರವಾದ ನಿದರ್ಶನ ಸಿಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ವಿಷಮ ಜ್ವರ ಕಾಣಿಸಿತು. ಮಂಗ ಸತ್ತಲ್ಲಿ ಮನುಷ್ಯನಿಗೆ ಜ್ವರ ಬರುತ್ತದೆಂಬ ನಂಟನ್ನು ಹಳ್ಳಿಯವರೇ ಕಂಡುಕೊಂಡು ಅದನ್ನು ಮಂಗನ ಕಾಯಿಲೆ ಎಂದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಮೊದಲಿಗೆ ಇದು ಆಫ್ರಿಕದ ಹಳದಿ ಜ್ವರವಿರಬಹುದೆ ಎಂದು ಕಳವಳಪಟ್ಟರು. ಪರೀಕ್ಷಿಸಿದ ಮೇಲೆ ಅದುವರೆಗೆ ಯಾರೂ ಕಂಡಿರದ ವೈರಸ್ ಎಂದು ತಿಳಿಯಿತು. ಅದನ್ನು ಹರಡುವುದು ಕಾಡಿನ ಉಣ್ಣೆ. ಕೊಲಂಬಿಯದ ಬೋಶೆಲ್ ಎಂಬ ವಿಜ್ಞಾನಿ 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕಾಡು ಕಡಿದು ಗದ್ದೆ ಮಾಡುವುದಕ್ಕೂ, ಕಾಡಂಚಿನಲ್ಲಿ ದನ ಮೇಯುವುದಕ್ಕೂ, ಉಣ್ಣೆ ಹೆಚ್ಚುವುದಕ್ಕೂ ಇರುವ ಸಂಬಂಧವನ್ನು ವಿವರಿಸಿದರು. ಆಗ ಕಾಯಿಲೆ ವೈದ್ಯರ ವಿಷಯ ಮಾತ್ರವಾಗಿ ಉಳಿಯಲಿಲ್ಲ. ಕಾಡಿನ ವಿಷಯವೂ ಸಮಾಜದ ವಿಷಯವೂ ಆಯಿತು. ಬೇಸಗೆಯಲ್ಲಿ ತರಗೆಲೆಗೆ, ಸೊಪ್ಪಿಗೆ, ಸೌದೆಗೆ ಕಾಡು ಹೊಗುವವರು ಯಾರೋ ಉಣ್ಣೆ ಕಚ್ಚುವುದು ಅವರನ್ನು. ಅವರಲ್ಲಿ ಹೆಚ್ಚಿನವರು ಬಡವರು.

ಈ ಕಥೆ ಇನ್ನೂ ಮುಗಿದಿಲ್ಲ. ಈಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಮಂಗನ ಕಾಯಿಲೆ ಕಾಣಿಸಿಕೊಂಡಿದೆ. ಬಹುಕಾಲ ಕೊಡುತ್ತಿದ್ದ ಲಸಿಕೆಯಿಂದ ಸಾಕಷ್ಟು ರಕ್ಷಣೆ ದೊರೆಯುತ್ತಿಲ್ಲವೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಕಾಡಿನಲ್ಲಿ ಸತ್ತ ಮಂಗವನ್ನು ಮೊದಲು ಕಾಣುವವರು ದನ ಕಾಯುವವರು, ಸೊಪ್ಪಿನವರು. ಅವರ ಮಾತು ಆಸ್ಪತ್ರೆಯನ್ನು ಬೇಗ ಮುಟ್ಟಿದಷ್ಟೂ ಎಚ್ಚರಿಕೆ ಬೇಗ ಸಿಗುತ್ತದೆ. ಈ ಒಂದು ಸುದ್ದಿಯ ಹಿಂದೆ ಜೀವವೇ ಇದೆ.

ಸುದ್ದಿ ಮುಟ್ಟಿಸುವ ಕೆಲಸವೂ ಸಂಶೋಧನೆಗೆ ವಸ್ತುವಾದದ್ದುಂಟು. 1956ರಲ್ಲಿ ಪುಣೆಯ ಆಕಾಶವಾಣಿ ಯುನೆಸ್ಕೋ ನೆರವಿನೊಡನೆ ಅಂದಿನ ಮುಂಬಯಿ ರಾಜ್ಯದ ಸುಮಾರು 150 ಹಳ್ಳಿಗಳಲ್ಲಿ ಗ್ರಾಮ ಶ್ರೋತೃಗಳ ಕೂಟಗಳನ್ನು ಏರ್ಪಡಿಸಿತು. ಹಳ್ಳಿಯವರು ಕೂಡಿ ಕುಳಿತು ಕಾರ್ಯಕ್ರಮ ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುವುದು ಅದರ ಕ್ರಮ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಫಲಿತಾಂಶವನ್ನು ಅಳೆದು ನೋಡಿದರು. ರೇಡಿಯೋ ಇದ್ದೂ ಕೂಟವಿಲ್ಲದ ಹಳ್ಳಿಗಳಿಗಿಂತ ಕೂಟವಿದ್ದ ಹಳ್ಳಿಗಳ ತಿಳಿವಳಿಕೆ ಬಹಳ ಹೆಚ್ಚಿತ್ತು. ಪೆಟ್ಟಿಗೆ ಮಾತಾಡಿದ ಮಾತ್ರಕ್ಕೆ ವಿದ್ಯೆ ಹರಡದು, ಕೇಳುವವನಿಗೂ ಮಾತಾಡುವ ಅವಕಾಶ ಬೇಕೆಂಬುದು ಅದರಿಂದ ಗೊತ್ತಾಯಿತು. 1965ರಲ್ಲಿ ಭದ್ರಾವತಿಯ ನಿಲಯ ಆರಂಭವಾದ ಮೇಲೆ ಮಲೆನಾಡಿಗೆ ಹತ್ತಿರದಲ್ಲೇ ಒಂದು ದನಿ ದೊರೆತಂತಾಯಿತು.

ಈಗ ಸೀತೂರಿನ ಸೀಮೆಯ ತೋಟಗಳ ಮುಂದಿರುವ ಪ್ರಶ್ನೆ ಕೊಳೆರೋಗಕ್ಕಿಂತ ಕಠಿಣವಾದದ್ದು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳಲ್ಲಿ ಹಳದಿ ಎಲೆ ರೋಗ ತೋಟ ತೋಟಗಳನ್ನೇ ಸೊರಗಿಸಿದೆ. ಫೈಟೋಪ್ಲಾಸ್ಮ ಎಂಬ ಅತಿಸೂಕ್ಷ್ಮ ಜೀವಿ ಇದಕ್ಕೆ ಕಾರಣವೆಂದೂ, ರಸ ಹೀರುವ ಕೀಟ ಅದನ್ನು ಹರಡುತ್ತದೆಂದೂ ವಿಜ್ಞಾನಿಗಳು ಕಂಡಿದ್ದಾರೆ. ಆದರೆ ಕೊಳೆರೋಗಕ್ಕೆ ಬೋರ್ಡೋ ಸಿಕ್ಕಂತೆ ಇದಕ್ಕೆ ಖಚಿತವಾದ ಔಷಧ ಇನ್ನೂ ಸಿಕ್ಕಿಲ್ಲ. ಸಂಶೋಧಕರು ಹಿಡಿದಿರುವ ದಾರಿಗಳಲ್ಲಿ ಒಂದು, ರೋಗ ಹೊಕ್ಕ ತೋಟದ ನಡುವೆಯೂ ಹಸಿರಾಗಿ ಉಳಿದಿರುವ ಮರಗಳನ್ನು ಹುಡುಕಿ ಅವುಗಳಿಂದ ಸಸಿ ಬೆಳೆಸುವುದು. ಕೆಂಟ್ ಕಾಫಿ ಗಿಡವನ್ನು ಕಂಡ ರೀತಿಯೇ ಇದು.

ಅಂಥ ಮರ ಎಲ್ಲಿದೆಯೆಂದು ಮೊದಲು ತಿಳಿಯುವುದು ಅದರ ಬುಡಕ್ಕೆ ಗೊಬ್ಬರ ಹಾಕಿದವನಿಗೆ, ವರ್ಷ ವರ್ಷವೂ ಅದನ್ನು ಹತ್ತಿದ ಕೊನೆಗಾರನಿಗೆ. ಹತ್ತು ವರ್ಷ ಹಳದಿಯ ನಡುವೆ ಹಸಿರಾಗಿ ನಿಂತ ಒಂದು ಮರ ನಿಮ್ಮ ತೋಟದಲ್ಲೋ ನಿಮ್ಮ ನೆಂಟರ ತೋಟದಲ್ಲೋ ಇದ್ದರೆ ಅದನ್ನು ಕಡಿಸಬೇಡಿ. ಗುರುತು ಹಾಕಿಟ್ಟು ಶೃಂಗೇರಿಯ ಅಡಕೆ ಸಂಶೋಧನ ಕೇಂದ್ರಕ್ಕೆ ಒಂದು ಮಾತು ತಿಳಿಸಿ.